ಬುಲ್ ಬಾರಿಗೆ ಮೆತ್ತಿದ ಹಸಿರು ಬಣ್ಣ

ಬೆಳಗಾದರೆ ಈ ಫೋನ್ ಗುಂಪಿಗೆ ಹೂವಿನ ಚಿತ್ರ ಕಳಿಸಿ ಕೈ ಮುಗಿಯುವವರೇ, ಇವತ್ತು ಅದನ್ನು ಬಿಟ್ಟು ಇದನ್ನು ಓದಿ. ಓದಿ ಸುಮ್ಮನೆ ಜಾರಿಕೊಂಡರೆ ನಿಮಗೂ ನನ್ನ ಮೊಮ್ಮಗನಿಗೂ ವ್ಯತ್ಯಾಸವೇ ಇಲ್ಲ.

ಬೆಳಿಗ್ಗೆ ಅವನು ಜೀಪಿನ ಮುಂದಿರುವ ಕಬ್ಬಿಣದ ಬುಲ್ ಬಾರಿಗೆ ಕಪ್ಪು ಪೇಂಟು ಹೊಡೆಯಲು ಕೂತಿದ್ದ. ಉಂಡ ತಟ್ಟೆ ಎತ್ತದವನಿಗೆ ಇದೇನು ಬಂತು ಎಂದು ಹತ್ತಿರ ಹೋದೆ. ಬಾರಿನ ಮೂಲೆಯಲ್ಲಿ ಹಸಿರು ಬಣ್ಣ ಮೆತ್ತಿತ್ತು. ಬೋಲ್ಟಿನ ಸಂದಿಯಲ್ಲಿ ಮರದ ಚಕ್ಕೆ ಸಿಕ್ಕಿಕೊಂಡಿತ್ತು.

“ಆಯುಧಪೂಜೆಗೆ ಬಾಳೆಕಂದು ಕಟ್ಟಿದ್ವಲ್ಲ ಅಜ್ಜಿ, ಅದರ ಕಲೆ.”

“ಬಾಳೆ ಕಲೆ ಕಪ್ಪಗಿರುತ್ತೆ ಕಣೋ. ಚಕ್ಕೆ ಎಲ್ಲಿಂದ ಬಂತು?”

ಅವನು ತಲೆ ತಗ್ಗಿಸಿದ. “ನಿನ್ನೆ ಮೂಡಲಪಾಳ್ಯದ ತಿರುವಲ್ಲಿ ಒಂದು ಹಸಿರು ಬಣ್ಣದ ತಳ್ಳುಗಾಡಿಗೆ ತಾಗ್ತು. ಸೊಪ್ಪು ಚೆಲ್ಲಿತು ಅಷ್ಟೇ. ಯಾರಿಗೂ ಏನೂ ಆಗಿಲ್ಲ.”

“ಇಳಿದು ನೋಡಿದ್ಯಾ?”

“ಇಲ್ಲ.”

ನಾನು ಎತ್ತಿ ಆಡಿಸಿದ ಮಗು ಇದು.

ಪೇಂಟಿನ ಡಬ್ಬ ಈಗ ನನ್ನ ಮಂಚದ ಕೆಳಗಿದೆ, ಜೀಪಿನ ಕೀ ನನ್ನ ಸೊಂಟದಲ್ಲಿದೆ. ಆ ಹಸಿರು ಹಾಗೇ ಇರಲಿ, ಬೀದಿಯವರೆಲ್ಲ ನೋಡಲಿ. ಆ ಸೊಪ್ಪಿನ ಗಾಡಿ ಯಾರದು, ಅವರು ಹೇಗಿದ್ದಾರೆ ಎಂದು ಗೊತ್ತಿರುವವರು ಮುಂದಿನ ತಿಂಗಳು ಹುಟ್ಟುವುದರೊಳಗೆ ಇಲ್ಲೇ ಬರೆಯಿರಿ. ಹೂವಿನ ಚಿತ್ರ ಹಾಕಬೇಡಿ.