ಹೊತ್ತು ಓಡುವಷ್ಟೇ ಸಾಮಾನು

ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಓಡಾಡುವ ಹೆಂಗಸನ್ನು ಶಿಕಾರಿಪುರದಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಸಂತೆಗೂ ಅದೇ ಶೂ, ಮದುವೆಮನೆಗೂ ಅದೇ ಶೂ. ತಲೆಯ ಮೇಲೆ ಹೊದ್ದ ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಯಾರೋ ಈಗಷ್ಟೇ ಸೀಟಿ ಊದಿದ್ದಾರೆ ಎನ್ನುವಂತೆ ನಡೆಯುತ್ತಿದ್ದರು. ಹೆಸರು ಹಸೀನಾ. ಹೈಸ್ಕೂಲಿನಲ್ಲಿ ನಮಗೆ ಆಟ ಕಲಿಸುವ ಟೀಚರ್. ಊರಿಗೆಲ್ಲ, ಹೆಡ್‌ಮಾಸ್ಟರಿಂದ ಹಿಡಿದು ತರಕಾರಿ ಗಾಡಿಯವನ ತನಕ, ಅವರು ಪಿ.ಟಿ. ಆಪಾ.

ನಿವೃತ್ತಿಯಾದ ಮೇಲೆ ಅಕ್ಕ ಮನೆಯಲ್ಲಿ ಕೂರುತ್ತಾಳೆ ಅಂತ ಅವರ ತಮ್ಮ ಅಂದುಕೊಂಡಿದ್ದರಂತೆ. ತಮ್ಮನದು ಹತ್ತಿ ಹಾಸಿಗೆ, ಗಾದಿ ಹೊಲಿಯುವ ಅಂಗಡಿ, ಮನೆಯ ಮುಂಭಾಗದಲ್ಲೇ. ಆಪಾ ಕೂತದ್ದೇನೋ ನಿಜ, ಆದರೆ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ, ಸುತ್ತ ಹತ್ತಾರು ಹುಡುಗಿಯರನ್ನು ಕೂರಿಸಿಕೊಂಡು. ಖೋಖೋ ತಂಡ ಕಟ್ಟಿಕೊಂಡು ಜೀವಮಾನವೆಲ್ಲ ತಿರುಗಿದವರು ಅವರು. ಎಷ್ಟೋ ಕಾಲೇಜು, ವಿಶ್ವವಿದ್ಯಾಲಯಗಳ ಹಾಸ್ಟೆಲುಗಳಲ್ಲಿ ಹುಡುಗಿಯರ ಜೊತೆ ಮಲಗಿ ಎದ್ದು ಬಂದಿದ್ದರು. ಯಾವ ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತದೆ, ಯಾವುದರಲ್ಲಿ ಬರುತ್ತದೆ ಅಂತ ಬರೀ ಬೋರ್ಡು ಹಾಕಿದ್ದಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಹೀಗಾಗಿ ಶಿಕಾರಿಪುರ, ಸೊರಬ ಕಡೆಯ ಯಾವ ಮನೆಯ ಹುಡುಗಿಗೆ ಸೀಟು ಸಿಕ್ಕರೂ ಹೊರಡುವ ಮೊದಲು ಆಪಾ ಜಗಲಿ ಹತ್ತಿ ಇಳಿಯುವುದು ಒಂದು ಪದ್ಧತಿಯೇ ಆಗಿಹೋಗಿತ್ತು.

"ಏನವಾ, ಪ್ರಶ್ನೆ ತಂದೀಯೋ, ಬರೀ ಬಾಯಿ ತಂದೀಯೋ?" ಅನ್ನುವುದು ಅವರ ಮೊದಲ ಮಾತು. ಪ್ರಶ್ನೆ ಕೇಳದವರಿಗೆ ಚಹಾ ಇಲ್ಲ. ಕೇಳಿದ ಪ್ರಶ್ನೆ ಎಷ್ಟು ಸಣ್ಣದಾದರೂ ನಗುವ ಹಾಗಿಲ್ಲ. ಬಕೆಟ್ ಇಲ್ಲಿಂದಲೇ ಒಯ್ಯಬೇಕಾ, ಅಲ್ಲೇ ಸಿಗುತ್ತದಾ? ಮೇಷ್ಟ್ರು ಒಳಗೆ ಬಂದಾಗ ನಿಂತುಕೊಳ್ಳಬೇಕಾ? ರೂಮಿನವಳು ಮಾಂಸ ತಿನ್ನುವವಳಾದರೆ? ರೂಮಿನವಳು ತಿನ್ನದವಳಾದರೆ? ಹಿಂದೆ ಯಾರೋ ನಕ್ಕಿದ್ದಕ್ಕೆ ಆಪಾ ಅವಳನ್ನು ಎಬ್ಬಿಸಿ, "ನೀನ್ ಹೇಳು ಹಂಗಾರೆ ಉತ್ತರ" ಅಂದಿದ್ದರಂತೆ. ಅವಳಿಗೂ ಗೊತ್ತಿರಲಿಲ್ಲವಂತೆ.

ಆಮೇಲೆ ಜೊತೆಗೆ ಬಂದ ಅಪ್ಪಂದಿರನ್ನು, ಅಣ್ಣಂದಿರನ್ನು, "ಅಣ್ಣಾರೆ, ಸ್ವಲ್ಪ ನಮ್ ತಮ್ಮನ ಅಂಗಡೀಲಿ ಕೂತಿರ್ರೀ" ಅಂತ ಕಳಿಸಿ, ಯಾವ ಹುಡುಗಿಯೂ ಬಾಯಿಬಿಟ್ಟು ಕೇಳದ ಪ್ರಶ್ನೆಗಳನ್ನು ತಾವೇ ಕೇಳಿ ತಾವೇ ಉತ್ತರಿಸುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಬಳಸಿದ ಪ್ಯಾಡು ಎಲ್ಲಿ ಹಾಕಬೇಕು, ಬಾಗಿಲ ಚಿಲಕ ಕಿತ್ತುಹೋಗಿದ್ದರೆ ಯಾರಿಗೆ ಹೇಳಬೇಕು, ಯಾರಾದರೂ ಹಿಂದೆ ಬಿದ್ದರೆ ಏನು ಮಾಡಬೇಕು, ಎಲ್ಲವೂ. "ಬಾತ್‌ರೂಮ್ ಎಲ್ಲೈತಿ ಅಂತ ಕೇಳಾಕೆ ನಾಚ್ಕೊಂಡ್ರೆ ಒಂದಿನ ತಡೀತೀರಿ, ಎರಡ್ ದಿನ ತಡೀತೀರಿ. ಮೂರನೇ ದಿನ ಊರಿನ ಬಸ್ ಹತ್ತೀರಿ. ಓದಾಕೆ ಆಗ್ದೆ ವಾಪಸ್ ಬಂದೋರ್ನ ನಾ ಕಾಣೆ. ಕೇಳಾಕೆ ಆಗ್ದೆ ಬಂದೋರ್ನ ಬೇಕಾದಷ್ಟು ಕಂಡೀನಿ."

ಇಷ್ಟಾದ ಮೇಲೆ ಬ್ಯಾಗಿನ ಓಟ. ಅದನ್ನು ನೋಡಲು ಬೀದಿಯವರೆಲ್ಲ ಕಾಯುತ್ತಿದ್ದರು. ಹುಡುಗಿ ಒಯ್ಯಬೇಕೆಂದು ಕಟ್ಟಿಕೊಂಡ ಅಷ್ಟೂ ಸಾಮಾನನ್ನು ತಾನೇ ಹೊತ್ತು ಶಾಲೆಯ ಮೈದಾನ ಒಂದು ಸುತ್ತು ಬರಬೇಕು. ನಿಂತಲ್ಲೆಲ್ಲ ಆಪಾ ಬ್ಯಾಗು ಬಿಚ್ಚಿ ಒಂದೊಂದು ಸಾಮಾನು ಹೊರಗೆ ತೆಗೆಯುತ್ತಿದ್ದರು. ನಿಲ್ಲದೆ ಸುತ್ತು ಮುಗಿಯುವ ತನಕ ಹೀಗೇ. "ಬಸ್ಸಿಂದ ಇಳ್ದಾಗ ಅಪ್ಪ ಇರಲ್ಲ, ಅಣ್ಣ ಇರಲ್ಲ. ಹೊತ್ತು ಓಡುವಷ್ಟೇ ಸಾಮಾನು" ಅನ್ನುವುದು ಅವರ ಕಾನೂನು. ಗಾದಿಗಂತೂ ಸುತರಾಂ ಪ್ರವೇಶವಿಲ್ಲ. ಅವರ ತಮ್ಮ ನಮ್ಮೆದುರೇ ಹಣೆ ಚಚ್ಚಿಕೊಳ್ಳುತ್ತಿದ್ದರು. "ಹುಡ್ಗೇರು ಹಾಸ್ಟೆಲಿಗೆ ಹೊಂಟ್ರೆ ನಂಗೆ ಗಾದಿ ಆರ್ಡರ್ ಬರ್ತಿತ್ರೀ. ನಮ್ಮಕ್ಕ ಶುರು ಹಚ್ಕೊಂಡ್ಮೇಲೆ ಅದೂ ಹೋತು."

ನಾನು ಆನವಟ್ಟಿ ಹತ್ತಿರದ ಹಳ್ಳಿಯವಳು. ಶಿಕಾರಿಪುರದ ಸೋದರತ್ತೆ ಮನೆಯಲ್ಲಿದ್ದು ಹೈಸ್ಕೂಲಿನಿಂದ ಡಿಗ್ರಿಯವರೆಗೆ ಓದಿದೆ. ಎಂ.ಎಸ್ಸಿ. ಗಣಿತಕ್ಕೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಅಮ್ಮನಿಗೆ ಸಂತೋಷವಾಯಿತು. ಆದರೆ ಮಗಳನ್ನು ಹೊರಗೆ ಕಳಿಸುವುದೆಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ. ಗಂಡನ ಮನೆಗೆ ಹೊರಟವಳಿಗೆ ಕಟ್ಟುವ ಹಾಗೆ ಕಟ್ಟಿದಳು. ಹಿತ್ತಾಳೆ ಚೊಂಬು, ರೊಟ್ಟಿ ಹಂಚು, ಉಪ್ಪಿನಕಾಯಿ ಜಾಡಿ, ಶೇಂಗಾ ಚಟ್ನಿಯ ಡಬ್ಬ, ಕಂಬಳಿ, ಗಾಜು ಹಾಕಿಸಿದ ಮಲ್ಲಿಕಾರ್ಜುನ ಸ್ವಾಮಿ ಫೋಟೋ. ಮೇಲೆ ಉಡಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ ಇಟ್ಟ ಒಂದು ಗಂಟು. ನಾನು ಹೊತ್ತುಕೊಂಡು ಹೊರಟರೆ ನಾನು ಕಾಣುತ್ತಿರಲಿಲ್ಲ, ಗಂಟುಗಳೇ ನಡೆದು ಹೋದ ಹಾಗಿತ್ತು.

ಓಟ ಶುರುವಾಗಿ ಮೈದಾನದ ಗೋಲ್ ಕಂಬದ ಹತ್ತಿರವೇ ನಿಂತೆ. ಹಂಚು ಹೊರಗೆ ಬಂತು. "ಇದ್ಯಾಕವಾ, ಅಲ್ಲಿ ಹೋಟ್ಲು ಇಡ್ತೀಯಾ?" ಬೇವಿನ ಮರದ ಹತ್ತಿರ ಮತ್ತೆ ನಿಂತೆ. ಜಾಡಿ ಹೋಯಿತು, ಚೊಂಬು ಹೋಯಿತು. ಸ್ವಾಮಿಯ ಫೋಟೋ ಹಿಡಿದು ಸ್ವಲ್ಪ ಯೋಚಿಸಿ, "ಇವ್ರು ಫೋನಲ್ಲೂ ಬರ್ತಾರೆ, ಗಾಜು ಒಡದ್ರೆ ಕಷ್ಟ" ಅಂತ ಅಮ್ಮನ ಕೈಗೆ ಕೊಟ್ಟರು. ಕೊನೆಗೆ ಉಡಿಯ ಗಂಟು ಕೈಗೆ ಬಂತು. ಅಮ್ಮನ ಮುಖ ಸಣ್ಣದಾಯಿತು. ಆಪಾ ಗಂಟನ್ನು ಬಿಚ್ಚಲಿಲ್ಲ.

"ಅಕ್ಕಾ, ಇದು ಹೊತ್ಕೊಂಡು ಹೋಗೋದಲ್ಲ. ಹೊರಡೋ ದಿನ ಬೆಳಿಗ್ಗೆ ಇದ್ರಲ್ಲೇ ಪಾಯಸ ಮಾಡಿ ಹುಡ್ಗಿಗೆ ಉಣಿಸ್ರಿ. ಹೊಟ್ಟೇಲಿದ್ರೆ ಭಾರ ಆಗಲ್ಲ" ಅಂದರು. ಅಮ್ಮ ನಕ್ಕಳು. ನಾನು ಉಳಿದ ಒಂದು ಬ್ಯಾಗು ಹೊತ್ತು ನಿಲ್ಲದೆ ಸುತ್ತು ಮುಗಿಸಿದೆ. ಬೀದಿಯ ಮಕ್ಕಳು ಚಪ್ಪಾಳೆ ಹೊಡೆದವು.

ಅಪ್ಪ ಮಾತ್ರ ನಗಲಿಲ್ಲ. ಆನವಟ್ಟಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಅಪ್ಪ, ಕಾಳನ್ನು ಹಲ್ಲಲ್ಲಿ ಕಡಿದು ನೋಡದೆ ಯಾರ ಮಾತನ್ನೂ ನಂಬಿದವರಲ್ಲ. ಅವರ ಪ್ರಶ್ನೆ ಒಂದೇ ಆಗಿತ್ತು. ತರಗತಿ ಶುರುವಾಗುವುದು ಮೊದಲು, ಹಾಸ್ಟೆಲಿನ ರೂಮು ಹಂಚುವುದು ಆಮೇಲೆ. ನಡುವೆ ಹುಡುಗಿ ಎಲ್ಲಿರಬೇಕು?

"ಹಾಸ್ಟೆಲ್ ಸಿಗ್ಲಿ ಟೀಚರ್ರೇ, ಆಮೇಲೆ ಕಳಿಸ್ತೆ" ಅಂದರು ಅಪ್ಪ.

"ಅಷ್ಟೊತ್ತಿಗೆ ಸೀಟು ಹೋಗಿರ್ತೈತಲ್ರೀ ಅಣ್ಣಾರೆ. ಹೇಳಿದ ದಿನಕ್ಕೆ ಹೋಗಿ ಸೇರ್ಕೊಳ್ದಿದ್ರೆ ಬ್ಯಾರೆಯೋರಿಗೆ ಕೊಡ್ತಾರೆ."

"ಹೋದ್ರೆ ಹೋಗ್ಲಿ. ಗುರ್ತಿಲ್ಲದ ಊರಲ್ಲಿ ಹೆಣ್ಮಗು ಎಲ್ಲಿ ಮಲಗ್ತದೆ?"

ಅಪ್ಪ ಕೋಪದಲ್ಲಿ ಹೇಳಿದ್ದರೆ ಕೋಪ ಇಳಿದೀತೆಂಬ ಆಸೆಯಿರುತ್ತಿತ್ತು, ಆದರೆ ಅವರು ನಿಜವಾದ ಕಾಳಜಿಯಿಂದ ಹೇಳುತ್ತಿದ್ದರು. ಅದಕ್ಕೆ ಎದುರಾಡುವುದು ಹೇಗೆ? ಆಪಾ ಎದುರಾಡಲಿಲ್ಲ. ಫೋನು ತೆಗೆದು ಯಾರಿಗೋ ವಿಡಿಯೋ ಕಾಲ್ ಮಾಡಿದರು. ಆ ಕಡೆ ತೊಗರ್ಸಿಯ ಲಕ್ಷ್ಮಿ, ಆಪಾ ತಂಡದಲ್ಲಿ ಖೋಖೋ ಆಡಿದವಳು, ಈಗ ಅದೇ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ. ಹೊರಗೆ ರೂಮು ಮಾಡಿಕೊಂಡಿದ್ದಳು, ಹಾಸ್ಟೆಲ್ ಸಿಗುವ ತನಕ ನಾನು ಅಲ್ಲಿರಬಹುದಿತ್ತು. ಹೋದ ವರ್ಷ ಅವಳನ್ನು ಹೀಗೆಯೇ ಇನ್ನೊಬ್ಬಳು ಇಟ್ಟುಕೊಂಡಿದ್ದಳಂತೆ, ಅವಳನ್ನು ಅದಕ್ಕೂ ಹಿಂದಿನವಳು. ಆಪಾ ಹುಡುಗಿಯರಲ್ಲಿ ಇದು ಪಾಳಿಯ ಮೇಲೆ ನಡೆಯುವ ಕೆಲಸ. ಈ ವರ್ಷ ಉಳಿದುಕೊಂಡವಳು ಬರುವ ವರ್ಷ ಒಬ್ಬಳನ್ನು ಉಳಿಸಿಕೊಳ್ಳಬೇಕು.

"ಲಕ್ಷ್ಮೀ, ಬಾಗ್ಲು ತೋರ್ಸು. ಚಿಲಕ ಹಾಕು, ತೆಗಿ. ಕಿಟಕಿ. ಬಾತ್‌ರೂಮು. ಓನರ್ ಅಮ್ಮನ್ನ ಕರಿ" ಅಂತ ಆಪಾ ಅಪ್ಪನಿಗೆ ಒಂದೊಂದೇ ತೋರಿಸುತ್ತ ಹೋದರು. ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು, "ಚಿಲಕ ಇನ್ನೊಂದ್ಸಲ ಹಾಕು ತಂಗಿ" ಅಂದರು. ಲಕ್ಷ್ಮಿ ಹಾಕಿದಳು. ಅಪ್ಪ ಓನರ್ ಅಮ್ಮನ ಜೊತೆ ಊರು, ಮನೆತನ, ಬಾವಿಯ ನೀರು ಎಲ್ಲ ವಿಚಾರಿಸಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಹೋಗು. ಆದ್ರೆ ಒಂದು ಮಾತು. ಅಳ್ತಾ ಫೋನ್ ಮಾಡಿದ್ರೆ ಅವತ್ತೇ ಬಂದು ಕರ್ಕೊಂಡು ಬರ್ತೆ. ಆಮೇಲೆ ಓದಿನ ಸುದ್ದಿ ಎತ್ತಬಾರ್ದು."

ನಾನು ಯಾಕೆ ಅಳುತ್ತೇನೆ ಅಂತ ಜಂಬದಲ್ಲಿ ಹೋದೆ. ಹೋದ ಮೊದಲ ವಾರವೇ ನನ್ನ ಜಂಬವೆಲ್ಲ ಇಳಿಯಿತು. ತರಗತಿಯಲ್ಲಿ ಎಲ್ಲವೂ ಇಂಗ್ಲಿಷು. ಅದುವರೆಗೆ ನನ್ನ ಜೊತೆಗಿದ್ದ ಗಣಿತವೇ ಗುರುತು ಸಿಗದ ಹಾಗಾಯಿತು. ಲಕ್ಷ್ಮಿ ಬೆಳಿಗ್ಗೆ ಪ್ರಾಜೆಕ್ಟಿಗೆ ಹೋದರೆ ಬರುವುದು ಸಂಜೆಗೆ. ಕ್ಯಾಂಟೀನು ಎಲ್ಲಿದೆ ಅಂತ ಅವಳನ್ನೋ ಬೇರೆ ಯಾರನ್ನೋ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಜಗಲಿಯ ಮೇಲೆ ಕೂತು ಅಷ್ಟೊಂದು ಪ್ರಶ್ನೆ ಕೇಳಿ ಚಹಾ ಕುಡಿದು ಬಂದವಳು, ಮಧ್ಯಾಹ್ನ ಬಿಸ್ಕತ್ತು ತಿಂದು ನೀರು ಕುಡಿದು ಲೈಬ್ರರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮನೆಗೆ ಫೋನು ಮಾಡುವಂತಿಲ್ಲ. ಒಂದು ದಿನ ತಡೆಯಲಾಗದೆ ಆಪಾಗೆ ಮಾಡಿ, ಬಿಕ್ಕಿ ಬಿಕ್ಕಿ ಅತ್ತು, ನಾನು ಬಂದುಬಿಡುತ್ತೇನೆ ಅಂದೆ.

ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಆಪಾ ಮೊದಲು ನನ್ನ ಅಳು ಮುಗಿಯಲು ಬಿಟ್ಟರು.

"ಬಾ. ನಾಡಿದ್ದು ನಾನೇ ಬಂದು ಕರ್ಕೊಂಡು ಬರ್ತೀನಿ. ಅಪ್ಪಂಗೂ ನಾನೇ ಹೇಳ್ತೀನಿ" ಅಂದರು. ನನಗೆ ಉಸಿರು ಬಂದ ಹಾಗಾಯಿತು. "ಅದ್ಸರಿ, ಊಟ ಎಲ್ಲಿ ಮಾಡ್ತೀಯ ಅಲ್ಲಿ?"

"ಗೊತ್ತಿಲ್ಲ ಆಪಾ."

"ಪಕ್ಕದಾಗೆ ಕೂರೋ ಹುಡ್ಗೀದು ಯಾವೂರು?"

"ಗೊತ್ತಿಲ್ಲ."

"ಪಾಠ ತಿಳೀದಿದ್ರೆ ಮೇಷ್ಟ್ರು ರೂಮಿಗೆ ಹೋಗಿ ಕನ್ನಡದಾಗೆ ಕೇಳ್ಬೌದಾ? ಹಾಸ್ಟೆಲ್ ಯಾವಾಗ ಕೊಡ್ತಾರೆ?"

"ಅದೂ ಗೊತ್ತಿಲ್ಲ ಆಪಾ."

"ನೋಡವಾ, ನೀ ಬರೋದು ಬಾ, ಬ್ಯಾಡ ಅನ್ನಲ್ಲ. ಬರೋ ವರ್ಷ ಹುಡ್ಗೇರು ನನ್ ಮುಂದೆ ಕೂತು ಇವನ್ನೇ ಕೇಳ್ತಾರೆ. ನಂಗೂ ವಯಸ್ಸಾತು, ಈಗಿಂದು ನಂಗೇನ್ ಗೊತ್ತು? ನಾಳೆ ಒಂದಿನ ಐತಲ್ಲ, ಎಲ್ಲಾ ಕೇಳಿ ತಿಳ್ಕೊಂಡಿರು. ನಾ ಬಂದಾಗ ಹೇಳು. ಆಮೇಲೆ ಇಬ್ರೂ ಬಸ್ ಹತ್ತಾಣ."

ನನಗಾಗಿ ಕೇಳುವುದು ಆಗುತ್ತಿರಲಿಲ್ಲ. ಬರುವ ವರ್ಷದ ಹುಡುಗಿಯರಿಗೆ ಅಂತ ಕೇಳುವಾಗ ಯಾಕೋ ನಾಚಿಕೆಯೇ ಆಗಲಿಲ್ಲ. ಹೇಗೂ ಹೋಗುವವಳು, ಯಾರು ಏನಂದುಕೊಂಡರೇನು? ಬೆಳಿಗ್ಗೆ ಪಕ್ಕದ ಹುಡುಗಿಯನ್ನು ಮಾತನಾಡಿಸಿದೆ. ಹೊನ್ನಾಳಿ ಕಡೆಯ ಸುಮಾ. ಕ್ಯಾಂಟೀನು ಎಲ್ಲಿ ಅಂದರೆ ಅವಳಿಗೂ ಗೊತ್ತಿಲ್ಲ, ಮನೆಯಿಂದ ತಂದ ಅವಲಕ್ಕಿಯಲ್ಲಿ ದಿನ ತಳ್ಳುತ್ತಿದ್ದಾಳೆ. ಇಬ್ಬರೂ ಸೇರಿ ಕಸ ಗುಡಿಸುವ ಅಮ್ಮನನ್ನು ಕೇಳಿದೆವು. ಕ್ಯಾಂಟೀನು ನಮ್ಮ ಕಟ್ಟಡದ ಬೆನ್ನಿಗೇ ಇತ್ತು. ಬಿಸಿ ಅನ್ನ ಸಾರು ಉಂಡ ಮೇಲೆ ಧೈರ್ಯ ಬಂದು ಹಾಸ್ಟೆಲ್ ಆಫೀಸಿಗೆ ಹೋದೆವು, ಅಲ್ಲಿಂದ ಮೇಷ್ಟ್ರ ರೂಮಿಗೆ. "ಸರ್, ತಿಳೀದಿದ್ರೆ ಕನ್ನಡದಲ್ಲಿ ಕೇಳಬಹುದಾ?" ಅಂದೆ. ಅವರು ಕನ್ನಡಕ ತೆಗೆದು, "ನಾನೂ ಕನ್ನಡದಲ್ಲೇ ಯೋಚನೆ ಮಾಡೋದಮ್ಮ. ಸಂಜೆ ಬನ್ನಿ" ಅಂದರು. ಆ ಸಂಜೆ ತಿಳಿಯದೆ ಹೋಗಿದ್ದ ಪಾಠವನ್ನು ಮೊದಲಿನಿಂದ ಹೇಳಿಕೊಟ್ಟರು. ಗಣಿತಕ್ಕೂ ನನಗೂ ಮತ್ತೆ ಗುರುತಾಯಿತು. ರಾತ್ರಿ ಆಪಾಗೆ ಫೋನು ಮಾಡಿ ಬರಬೇಡಿ ಅಂತ ಹೇಳಬೇಕೆಂದರೆ ಅವರು ಎತ್ತಲೇ ಇಲ್ಲ.

ಮಾರನೆಯ ದಿನ ಆಪಾ ಬಂದೇ ಬಂದರು. ನಾನು ಬರಲ್ಲ ಅನ್ನುವುದನ್ನು ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ. ಅವರು ಆ ಮಾತೇ ಎತ್ತಲಿಲ್ಲ. ಒಂದೊಂದು ಪ್ರಶ್ನೆ ಕೇಳುತ್ತ ನಡೆದರು, ನಾನು ಹೇಳುತ್ತ ಹೋದೆ. ಕ್ಯಾಂಟೀನಿನಲ್ಲಿ ಸುಮಾ, ನಾನು, ಆಪಾ ಮೂವರೂ ಊಟ ಮಾಡಿದೆವು. ಸಾರಿಗೆ ಉಪ್ಪು ಕಡಿಮೆ ಅಂತ ಅಡುಗೆಯವನಿಗೆ ಆಪಾ ಹೇಳಿ ಬಂದರು. ಎರಡು ಗಂಟೆಗೆ, "ಆಪಾ, ನಂಗೆ ಕ್ಲಾಸಿದೆ" ಅಂದೆ. "ಹಂಗಾ?" ಅಂದರು, ಏನೂ ಗೊತ್ತಿಲ್ಲದವರ ಹಾಗೆ.

ನಾನು ಎಂ.ಎಸ್ಸಿ. ಮುಗಿಸಿದೆ, ಈಗ ಆನವಟ್ಟಿಯಲ್ಲೇ ಗಣಿತ ಹೇಳಿಕೊಡುತ್ತೇನೆ. ನನ್ನ ಪಾಳಿಗೆ ಬಂದ ಕುಬಟೂರಿನ ಹುಡುಗಿಯನ್ನು ರೂಮಿನಲ್ಲಿ ಇಟ್ಟುಕೊಂಡೆ. ಅವಳೂ ಒಬ್ಬಳನ್ನು ಇಟ್ಟುಕೊಂಡಳು. ಅಪ್ಪ ಇವತ್ತಿಗೂ ಅಂಗಡಿಗೆ ಬಂದವರಿಗೆಲ್ಲ, ಹುಡುಗಿಯನ್ನು ಓದಲು ಕಳಿಸುವುದಾದರೆ ಚಿಲಕ ನೋಡಿ ಕಳಿಸಿ, ಆದರೆ ಕಳಿಸಿ ಅನ್ನುತ್ತಾರೆ. ಇದ್ಯಾವುದನ್ನೂ ಆಪಾ ನೋಡಲಿಲ್ಲ. ನನ್ನ ಮೊದಲ ಪರೀಕ್ಷೆಯ ಹೊತ್ತಿಗೆ ನಿದ್ದೆಯಲ್ಲೇ ಹೋಗಿಬಿಟ್ಟರು, ಮಣ್ಣು ಕೊಡುವ ಹೊತ್ತಿಗೂ ನನಗೆ ಹೋಗಿ ಮುಟ್ಟಲಾಗಲಿಲ್ಲ. ತುಂಬಾ ಅತ್ತೆ, ಮತ್ತು ಪರೀಕ್ಷೆ ಬರೆದೆ. ಹಾಗಾಗಿ ನಾನು ಅವರನ್ನು ಕೊನೆಯ ಸಲ ಕಂಡಿದ್ದು ಆ ಮಧ್ಯಾಹ್ನವೇ, ವಿಶ್ವವಿದ್ಯಾಲಯದ ಗೇಟಿನ ಹತ್ತಿರ.

ಕ್ಲಾಸಿಗೆ ಹೊತ್ತಾಗುತ್ತದೆ ಅಂತ ಬೈದರೂ ನಾನು ಬಸ್ಸಿನವರೆಗೆ ಹೋಗಿದ್ದೆ. ಆಪಾ ಕಿಟಕಿ ಪಕ್ಕ ಕೂತು, ಖಾಲಿಯಿದ್ದ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡರು. ಕಂಡಕ್ಟರ್ ಬಂದು ಎಷ್ಟು ಟಿಕೆಟ್ ಅಂತ ಕೇಳಿದ. ಆಪಾ ನನ್ನ ಕಡೆ ನೋಡುತ್ತ, ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳಿದರು.

"ಎರಡು ತಗಳ್ಳಾಣ ಅಂತ ಬಂದಿದ್ದೆ ಕಣಪ್ಪಾ. ಒಂದೇ ಸಾಕು."