ಪಲ್ಲಾವರಂ ಸಂತೆಯಲ್ಲಿ ‘ನಿಂತಿದ್ದ’ ಆಂಬುಲೆನ್ಸ್

2023ರಲ್ಲಿ ನಾನು ಚೆನ್ನೈನ ಶೋಳಿಂಗನಲ್ಲೂರಿನ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್. ಅಪ್ಪ ತ್ರಿಪ್ಲಿಕೇನಿನ ಮೆಸ್ಸೊಂದರಲ್ಲಿ ಅಡುಗೆಯವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಗೌನು ತೊಟ್ಟ ನನ್ನ ಫೋಟೋ ಆ ಮೆಸ್ಸಿನ ಗಲ್ಲಾಪೆಟ್ಟಿಗೆಯ ಮೇಲೆ ಇವತ್ತಿಗೂ ಇದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನನ್ನ ಕೆಲಸ ಸ್ಯಾಟಲೈಟ್ ನ್ಯಾವಿಗೇಶನ್ ರಿಸೀವರ್ ಜೊತೆ ಮಾತಾಡುವುದು. ಉಪಗ್ರಹಗಳ ಸಿಗ್ನಲ್ ಹಿಡಿದು, ವಾಹನ ಎಲ್ಲಿದೆ ಎಂದು ತಿಳಿಸುವ ಡಬ್ಬಿ ಅದು. ‘ಹೀಗೆ ನಡೆದುಕೋ’ ಅನ್ನುವುದು ಕಾನ್ಫಿಗರೇಶನ್ ಕಮಾಂಡ್. ‘ಈಗ ಹೇಗಿದ್ದೀಯ’ ಎಂದು ಕೇಳುವುದು ಸ್ಟೇಟಸ್ ಕಮಾಂಡ್.

ಒಂದು ಖಾಸಗಿ ಆಸ್ಪತ್ರೆಯ ಆಂಬುಲೆನ್ಸ್‌ಗಳಲ್ಲಿ ನಮ್ಮ ಡಬ್ಬಿ ಇತ್ತು. ಒಂದು ಶುಕ್ರವಾರ ಎದೆನೋವಿನ ಅಜ್ಜಿಯೊಬ್ಬರನ್ನು ಕರೆತರುತ್ತಿದ್ದಾಗ ಅವರು ದಾರಿಯಲ್ಲೇ ತೀರಿಕೊಂಡರು. ನಮ್ಮ ಮ್ಯಾಪ್ ನೋಡಿದರೆ, ಗಾಡಿ ಪಲ್ಲಾವರಂನಲ್ಲಿ ಬಹಳ ಹೊತ್ತು ಒಂದೇ ಕಡೆ ನಿಂತಿತ್ತು. ಆಸ್ಪತ್ರೆಯಲ್ಲಿ ಆ ಮ್ಯಾಪ್ ನೋಡಿದ ಅಜ್ಜಿಯ ಮಗ, ಟೀ ಕುಡಿಯಲು ನಿಲ್ಲಿಸಿದ್ದಾನೆ ಎಂದು ಎಲ್ಲರೆದುರು ಡ್ರೈವರ್ ಸೆಲ್ವಂ ಕೆನ್ನೆಗೆ ಹೊಡೆದ. ಆಸ್ಪತ್ರೆಯವರು ಸೆಲ್ವಂನನ್ನು ಸಸ್ಪೆಂಡ್ ಮಾಡಿ ನಮ್ಮಿಂದ ವರದಿ ಕೇಳಿದರು.

ಸೆಲ್ವಂ ನಮ್ಮ ಆಫೀಸಿಗೇ ಬಂದ. ಅವನು ತಮಿಳಿನಲ್ಲಿ ಹೇಳಿದ್ದು ಇಷ್ಟು: “ಮೇಡಂ, ಅವತ್ತು ಶುಕ್ರವಾರದ ಸಂತೆ. ಜನರ ಮಧ್ಯೆ ತೆವಳಿಕೊಂಡು ಬಂದೆ, ನಿಲ್ಲಿಸಲಿಲ್ಲ. ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ಊದಿಕೊಂಡಿತ್ತು. ಅದೆಲ್ಲ ನಿಮ್ಮ ಡಬ್ಬಿಗೆ ಗೊತ್ತಾಗಲ್ವಾ?”

ಮುಂದಿನ ಶುಕ್ರವಾರ ಅದೇ ಗಾಡಿಯಲ್ಲಿ, ಬೇರೆ ಡ್ರೈವರ್ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತೆ. ಕಿಟಕಿಯಾಚೆ ಹಕ್ಕಿ ಪಂಜರಗಳು, ಹಳೇ ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದವು. ಮ್ಯಾಪಿನ ಚುಕ್ಕಿ ಮಾತ್ರ ಅಲುಗಲಿಲ್ಲ. ವೇಗ ಸೊನ್ನೆ. ಸ್ಟೇಟಸ್ ಕಮಾಂಡ್ ಕಳಿಸಿದೆ. ಉತ್ತರ ಬಂತು: ಸ್ಟ್ಯಾಟಿಕ್ ಹೋಲ್ಡ್ ಆನ್.

ಅಂದರೆ, ವೇಗ ಒಂದು ಮಿತಿಗಿಂತ ಕಡಿಮೆಯಾದರೆ ‘ನಿಂತಿದೆ’ ಎಂದೇ ಲೆಕ್ಕ. ಹಳೇ ಜಾಗವನ್ನೇ ತೋರಿಸುತ್ತಿರು ಎಂಬ ಆದೇಶ. ಬಂದರಿನ ಕಂಟೇನರ್‌ಗಳಿಗೆ ನಾವು ಮಾಡಿದ್ದ ಸೆಟ್ಟಿಂಗ್ ಅದು. ಕಬ್ಬಿಣದ ರಾಶಿಗೆ ಸಿಗ್ನಲ್ ಬಡಿದು ಚದುರಿ, ನಿಂತ ಕಂಟೇನರ್ ಕೂಡ ಮ್ಯಾಪಿನಲ್ಲಿ ಓಡಾಡಿದಂತೆ ಕಾಣುತ್ತದೆ, ಅದಕ್ಕೆ. ಆರ್ಡರ್ ಅವಸರದ್ದೆಂದು ಅದೇ ಫೈಲನ್ನು ಆಂಬುಲೆನ್ಸ್‌ಗೂ ತುಂಬಿದ್ದರು.

ಮ್ಯಾನೇಜರ್ ರಾಘವನ್ ಸಾರ್ ತಲೆಮಾರುಗಳಿಂದ ಮದ್ರಾಸಿನಲ್ಲಿರುವ ಕನ್ನಡದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಮೊದಲು ಎಲ್ಲಾ ಗಾಡಿಗಳಿಗೂ ‘ಹೋಲ್ಡ್ ಆಫ್’ ಕಮಾಂಡ್ ಕಳಿಸಿಬಿಟ್ಟರು. ಆಮೇಲೆ ವರದಿ ಬರೆಸಿದರು: ‘ರಿಸೀವರ್ ಕಾನ್ಫಿಗರೇಶನ್ ಪ್ರಕಾರವೇ ಕೆಲಸ ಮಾಡಿದೆ.’

“ಸಾರ್, ಕಾನ್ಫಿಗರೇಶನ್ನೇ ತಪ್ಪು ಅಂತ ಎಲ್ಲಿದೆ ಇದರಲ್ಲಿ?”

“ಇಲ್ಲಿ ನೋಡಮ್ಮ, ಸುಳ್ಳು ಒಂದಕ್ಷರ ಇದೆಯಾ? ಇಲ್ಲ ತಾನೆ? ಸೈನ್ ಮಾಡು.”

“ನಾನು ಮಾಡಲ್ಲ.”

ಅವರು ನಕ್ಕರು. “ಫಸ್ಟ್ ಗ್ರಾಜುಯೇಟ್ ಅಲ್ವಾ, ಅದಕ್ಕೇ ಈ ರೋಷ. ನಿನ್ನ ಮಕ್ಕಳ ಕಾಲಕ್ಕೆ ಸರಿಹೋಗುತ್ತೆ ಬಿಡು.”

ಸಹಿ ಅವರೇ ಹಾಕಿದರು. ಸೆಲ್ವಂ ಕೆಲಸ ಹೋಯಿತು. ಅವನನ್ನು ಕರೆದುಕೊಂಡು ಅಜ್ಜಿಯ ಮಗನ ಅಂಗಡಿಗೆ ಹೋದೆ, ಬಿಡಿಸಿ ಹೇಳಿದೆ. ಮಗ ವರದಿಯ ಮಾತನ್ನೇ ಎತ್ತಿದ: “ಮೆಷಿನ್ ಸರಿ ಅಂತ ನಿಮ್ಮ ಕಂಪನಿಯವರೇ ಬರೆದುಕೊಟ್ಟಿದ್ದಾರೆ. ಇವನು ನಿಮಗೆ ಏನಾಗಬೇಕು?” ಸೆಲ್ವಂ ಮೆಟ್ಟಿಲಿಳಿದು ಹೊರಟ. ಆ ತಿಂಗಳೇ ನಾನು ಕೆಲಸ ಬಿಟ್ಟೆ. ಅದರಿಂದ ಅವನಿಗೇನೂ ಸಿಗಲಿಲ್ಲ.

ಇವತ್ತು ಆ ಗಾಡಿಯ ರಿಸೀವರನ್ನು ಕೇಳಿದರೆ ‘ಹೋಲ್ಡ್ ಆಫ್’ ಅನ್ನುತ್ತದೆ. ಅದೂ ನಿಜವೇ; ಮೊದಲು ಆನ್ ಇತ್ತು ಎಂಬ ಗುರುತು ಅದರಲ್ಲಿ ಉಳಿದಿಲ್ಲ. ಅವತ್ತು ಹೇಗಿತ್ತು ಎನ್ನುವುದನ್ನು ಹೇಳಬೇಕಾದವರು ನಾವು, ಹೇಳಲಿಲ್ಲ. ಈಗ ನಾನಿರುವ ಬೇರೆ ಕಂಪನಿಯಲ್ಲಿ ಯಾರಾದರೂ ತಪ್ಪು ಸೆಟ್ಟಿಂಗ್ ಹಿಡಿದುಕೊಂಡು ಬಂದು “ಸರಿಮಾಡಿಬಿಡ್ಲಾ ಮೇಡಂ?” ಅಂದರೆ ಕೈ ಹಿಡಿದು ನಿಲ್ಲಿಸುತ್ತೇನೆ. ಸರಿಮಾಡುವ ಮೊದಲು ಒಂದು ವಿಷಯ ತಿಳಿಯಬೇಕು: ಇದನ್ನು ನಂಬಿ ಇಷ್ಟರಲ್ಲಿ ಯಾರ ಕೆನ್ನೆಗೆ ಹೊಡೆದಿದ್ದಾರೆ?