ಹಾಗಲಕಾಯಿ ನೋಡಲು ಬಂದವರು

ನಾನು ಎಂ.ಎ. ಮುಗಿಸಿದ ವರ್ಷ ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರನ್ನೆಲ್ಲ ಸಾಫ್ಟ್‌ವೇರಿನವರು ಎಂದೇ ಕರೆಯುತ್ತಿದ್ದರು. ಹಾಗಾಗಿ ನಾನೂ ಸಾಫ್ಟ್‌ವೇರಿನವಳಾದೆ. ನಮ್ಮ ಕಂಪನಿ ನಾರಾಯಣಗೂಡದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಎರಡು ಕೋಣೆಗಳಲ್ಲಿತ್ತು. ಕೆಳಗೆ ಹುಡುಗರು ಒಕ್ಕೊರಲಿನಿಂದ ಸೂತ್ರಗಳನ್ನು ಹೇಳುವಾಗ ಮೇಲೆ ನಮ್ಮ ಕೀಬೋರ್ಡುಗಳು ಸಣ್ಣಗೆ ನಡುಗುತ್ತಿದ್ದವು. ಕಲಾವಿದರಿಗೆ ವೆಬ್‌ಸೈಟ್ ಮಾಡಿಕೊಟ್ಟು, ಲೋಕದ ಮೂಲೆಮೂಲೆಯಿಂದ ನೋಡುಗರನ್ನು ಕರೆತರುವುದು ನಮ್ಮ ಉದ್ಯೋಗ. ಯಜಮಾನರು ಅದಕ್ಕೂ ಮೊದಲು ಮನೆಮನೆಗೆ ಮೀನಿನ ತೊಟ್ಟಿ ಮಾರುತ್ತಿದ್ದರು. ಎರಡೂ ಒಂದೇ ಎನ್ನುತ್ತಿದ್ದರು: ಗಾಜಿನ ಹಿಂದೆ ಬಣ್ಣದ್ದೇನಾದರೂ ಇಟ್ಟರೆ ಜನ ನಿಂತು ನೋಡುತ್ತಾರೆ.

ಪ್ರತಿ ವೆಬ್‌ಸೈಟಿನ ಕೆಳಗೆ ಒಂದು ಪುಟ್ಟ ಕಪ್ಪು ಚೌಕ ಇರುತ್ತಿತ್ತು. ಎಷ್ಟು ಜನ ನೋಡಿದರೆಂಬ ಎಣಿಕೆ ಅದರಲ್ಲಿ ಓಡುತ್ತಿತ್ತು. ಸೊನ್ನೆಯಿಂದ ಶುರುವಾದರೆ ಕಲಾವಿದರ ಮನಸ್ಸು ನೋಯುತ್ತದೆಂದು ಯಜಮಾನರು ಅದನ್ನು ಸಾವಿರದಿಂದ ಶುರುಮಾಡಿಸುತ್ತಿದ್ದರು. ಬೆಳಿಗ್ಗೆ ಒಳಗೆ ಕಾಲಿಡುತ್ತಲೇ ಎಣಿಕೆ ಎಷ್ಟಾಯಿತೆಂಬುದೇ ಅವರ ಮೊದಲ ಮಾತು, "ಏಮ್ಮಾ, ಕೌಂಟರ್ ಎಂತ?" ಎಣಿಕೆ ನಿನ್ನೆಯಷ್ಟೇ ಇದ್ದರೆ ಅವರ ಮುಖ ಬಾಡುತ್ತಿತ್ತು. ಆಗ ನಾವು ಮೂವರು ನೌಕರರೂ ನಮ್ಮ ನಮ್ಮ ಕಂಪ್ಯೂಟರಿನಲ್ಲಿ ಅದೇ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಕಲಾವಿದರು ಸಾಕಷ್ಟು ಪ್ರಸಿದ್ಧರಾಗಿರುತ್ತಿದ್ದರು.

ಕಾಕಾ ಈ ಕಂಪನಿಗೆ ಸಿಕ್ಕಿಬಿದ್ದದ್ದು ನನ್ನಿಂದ. ರಕ್ತಸಂಬಂಧವೇನಿಲ್ಲ. ನನ್ನ ತಂದೆ ದುಡಿದ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲೇ ದುಡಿದವರು, ನಮ್ಮ ಕಡೆಯ ಕನ್ನಡದವರು, ಸನತ್‌ನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆಯವರು. ಡ್ರಾಯಿಂಗ್ ಆಫೀಸಿನಲ್ಲಿ ಜೀವಮಾನವಿಡೀ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದಿದ್ದರು. ಆ ನಕ್ಷೆಗಳನ್ನು ಗೇಟಿನಿಂದ ಹೊರಗೆ ತರುವಂತಿರಲಿಲ್ಲ. ಆದ್ದರಿಂದ ಮನೆಯಲ್ಲಿ ತರಕಾರಿಗಳ ಚಿತ್ರ ಬರೆಯುತ್ತಿದ್ದರು, ಆದರೆ ಕಾರ್ಖಾನೆಯ ಕ್ರಮದಲ್ಲೇ. ಬದನೆಕಾಯಿ ಎಂದರೆ ಒಂದೇ ಹಾಳೆಯಲ್ಲಿ ಅದರ ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ, ಉದ್ದಕ್ಕೆ ಕೊಯ್ದರೆ ಕಾಣುವ ಒಳಗಿನ ನೋಟ. ಬಾಣದ ಗುರುತು ಹಾಕಿ ಮಿಲಿಮೀಟರಿನಲ್ಲಿ ಅಳತೆ. ಬಣ್ಣ ಮಾತ್ರ ಜಲವರ್ಣ. ಆ ನೇರಳೆಯನ್ನು ಕಂಡರೆ ಬೆರಳಿನಿಂದ ಮುಟ್ಟಬೇಕೆನಿಸುತ್ತಿತ್ತು. ಪೇಟೆಯಿಂದ ತರಕಾರಿ ಬಂದ ಕೂಡಲೇ ಕಾಕಾ ಕ್ಯಾಲಿಪರ್ ಹಿಡಿದು ಅಳೆಯಲು ಕೂರುತ್ತಿದ್ದರಿಂದ ಅವರ ಮನೆಯಲ್ಲಿ ಪಲ್ಯ ಯಾವತ್ತೂ ತಡ.

ಅವರು ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ಮಣಿಕೊಂಡದ ಎರಡು ಕೋಣೆಯ ಫ್ಲ್ಯಾಟಿಗೆ ಹೋಗಬೇಕಾಯಿತು. ಮಂಚದ ಕೆಳಗೆ, ಬೀರುವಿನ ಮೇಲೆ ಚಿತ್ರಗಳ ಕಟ್ಟುಗಳಿದ್ದವು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಸಾಮಾನು ಕಟ್ಟುತ್ತ ನನ್ನೆದುರೇ ತೀರ್ಪು ಕೊಟ್ಟರು.

"ಇಷ್ಟು ವರ್ಷ ಬರದೀರಿ. ನಮ್ಮ ಪೈಕಿಯವರನ್ನ ಬಿಟ್ಟು ಒಬ್ಬರರೆ ನಿಂತು ನೋಡ್ಯಾರೇನ್ರಿ? ಹೊರಗಿನ ಮಂದಿ ನೋಡಿದ್ರ ಹೊಸಾ ಮನಿಯಾಗ ಗ್ವಾಡಿಗೆ ಹಚ್ಚೂಣು. ಇಲ್ಲಂದ್ರ ರದ್ದಿಯವಗ ಕೊಡೂದ."

ಕಾಕಾ ನನ್ನ ಕಡೆ ತಿರುಗಿ, "ಯಾರೂ ಕೊಳ್ಳೂದು ಬ್ಯಾಡ ತಂಗಿ. ನೋಡಾಕ ಬಂದ್ರ ಸಾಕು" ಎಂದರು. ಕಾಲೊನಿಯ ಸಮುದಾಯ ಭವನವನ್ನು ಒಂದು ಶನಿವಾರಕ್ಕೆ ಅವರು ಆಗಲೇ ಕೇಳಿಟ್ಟಿದ್ದರು. ನೋಡುಗರನ್ನು ಕರೆಸುವುದು ನನ್ನ ಪಾಲಿಗೆ ಬಂತು.

ಕಾಕಾನಿಗೂ ಒಂದು ವೆಬ್‌ಸೈಟ್ ಮಾಡಹೊರಟೆವು. ಕಂಪನಿಯಲ್ಲಿ ಕಲಾವಿದರ ಪರಿಚಯ ಬರೆಯುವವಳು ನಾನೇ. ಖಾಲಿತನ ಮತ್ತು ಮೌನಗಳ ನಡುವಿನ ಸಂವಾದ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ನಮ್ಮಲ್ಲಿ ಸದಾ ಸಿದ್ಧವಿತ್ತು. ಬಾಟಿಕ್ ಮಾಡುವವರಿಗೂ ಮಡಕೆ ಮಾಡುವವರಿಗೂ ಅದನ್ನೇ ಅಂಟಿಸುತ್ತಿದ್ದೆ, ಕಾಕಾನಿಗೂ ಅಂಟಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ಭಾಳ ಚಲೋ ಬರದೀ. ಯಾರ ಬಗ್ಗೆ ಐತಿ ಇದು?"

"ನಿಮ್ಮ ಬಗ್ಗೆ ಕಾಕಾ."

"ಹೌದೇನು? ಬದನಿಕಾಯಿ ಎಲ್ಲೂ ಬಂದಿಲ್ಲಲಾ."

ಆ ವಾಕ್ಯ ಅಳಿಸಿ, ತರಕಾರಿಗಳ ಹೆಸರನ್ನು ಸಾಲಾಗಿ ಬರೆದೆ. ಈಗ ಯಜಮಾನರಿಗೆ ಚಿಂತೆ ಹತ್ತಿತು. "ವಂಕಾಯ ಎವರು ಸರ್ಚ್ ಚೇಸ್ತಾರಮ್ಮಾ?" ಎಂದು ತಲೆ ಹಿಡಿದುಕೊಂಡರು. ಬದನೆಕಾಯಿಯನ್ನು ಇಂಟರ್‌ನೆಟ್ಟಿನಲ್ಲಿ ಯಾರೂ ಹುಡುಕುವುದಿಲ್ಲ ಎಂಬುದು ನಿಜವೇ. ಆದರೆ ಅವರ ಬಳಿ ಉಪಾಯವಿತ್ತು. ಹುಡುಕುವ ಯಂತ್ರ ಅಕ್ಷರ ಓದುತ್ತದೆ, ಬಣ್ಣ ನೋಡುವುದಿಲ್ಲ. ಬಿಳಿ ಪುಟದ ತಳದಲ್ಲಿ ಬಿಳಿ ಬಣ್ಣದಲ್ಲೇ ಒಂದಿಷ್ಟು ಪದ ಬರೆದರೆ ಮನುಷ್ಯರಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಊರವರೆಲ್ಲ ಹುಡುಕುವ ಪದಗಳನ್ನು ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಜಾವಾ, ಫ್ರೆಷರ್ಸ್, ಇಂಟರ್‌ವ್ಯೂ, ಅಮೆರಿಕ ವೀಸಾ. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಚೀಟಿಯಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ಟೈಪ್ ಮಾಡಿದೆ. ಅದಕ್ಕೆ ತಾಗಿದಂತೆಯೇ, ಕಾಣುವ ಅಕ್ಷರದಲ್ಲಿ, ಪ್ರದರ್ಶನದ ವಿವರ: ಶನಿವಾರ ಬೆಳಿಗ್ಗೆ ಹತ್ತಕ್ಕೆ, ಸನತ್‌ನಗರದ ಸಮುದಾಯ ಭವನ, ಬಸ್ಸಿಳಿದು ಬಲಕ್ಕೆ ನೂರನಲವತ್ತು ಹೆಜ್ಜೆ, ಎಲ್ಲರಿಗೂ ಸ್ವಾಗತ. ಹೆಜ್ಜೆಗಳನ್ನು ನಾನೇ ನಡೆದು ಎಣಿಸಿದ್ದೆ.

ಆ ವಾರ ಕಾಕಾನ ಪುಟದ ಎಣಿಕೆ ನಾವು ಯಾರೂ ಮುಟ್ಟದೆ ತಾನಾಗಿ ಏರಿತು. ಯಜಮಾನರು ಇರಾನಿ ಹೋಟೆಲಿನಿಂದ ಬಿಸ್ಕತ್ತು ತರಿಸಿ ಹಂಚಿದರು.

ಶನಿವಾರ ಒಂಬತ್ತೂವರೆಗೆ ನಾನು ಭವನಕ್ಕೆ ಹೋದಾಗ ಹೊರಗೆ ಸಾಲು ನಿಂತಿತ್ತು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಕೆಲವರಿಗೆ ಟೈ ಕೂಡ. ಕಾಕು ಹತ್ತು ಜನರ ಅಂದಾಜಿನ ಮೇಲೆ ಒಗ್ಗರಣೆ ಚುರುಮುರಿ ಮಾಡಿ ತಂದಿದ್ದರು. ಕಿಟಕಿಯಿಂದ ಇಣುಕಿ ನೋಡಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಬಿಟ್ಟರು.

"ಊರ ಮಂದಿಗೆ ಕಾಯಿಪಲ್ಲೆ ಹುಚ್ಚು ಇಷ್ಟು ಐತಂತ ನನಗ ಗೊತ್ತ ಇರಲಿಲ್ಲರಿ."

"ನಿನಗ ಗೊತ್ತಿರಲಿಲ್ಲ," ಎಂದರು ಕಾಕಾ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೊಳ್ಳುತ್ತ.

ಬಾಗಿಲು ತೆರೆದ ಕೂಡಲೇ ಬಂದವರು ಗೋಡೆಗಳನ್ನು ಬಿರಬಿರನೆ ದಾಟಿ ಒಳಗೆ ಇನ್ನೊಂದು ಬಾಗಿಲು ಹುಡುಕಿದರು. ಇನ್ನೊಂದು ಬಾಗಿಲು ಅಡುಗೆಮನೆಯದು. ಅಲ್ಲಿ ಕಾಕು ಕೂತಿದ್ದರು. ಒಬ್ಬ ನನ್ನ ಬಳಿ ಬಂದು ಮೆಲ್ಲಗೆ, "ಮೇಡಂ, ರಿಟನ್ ಟೆಸ್ಟ್ ಕಿಧರ್ ಹೈ?" ಎಂದ. ನನಗೆ ತಕ್ಷಣ ಹೊಳೆಯಲಿಲ್ಲ. ಅಷ್ಟರಲ್ಲಿ ಯಾರೋ ಬೆಂಡೆಕಾಯಿಯ ಅಳತೆಗಳನ್ನು ಕಂಡು, ಇದೇ ಟೆಸ್ಟ್ ಇರಬೇಕು ಎಂದರು. ಮಾತು ಸಭಾಂಗಣದ ತುಂಬ ಹರಡಿತು. ಎಲ್ಲರೂ ಪೆನ್ನು ತೆಗೆದು, ಒಂದೊಂದು ಚಿತ್ರದ ಮುಂದೆಯೂ ನಿಂತು, ಮೂಲಂಗಿಯ ವ್ಯಾಸ, ಬದನೆಕಾಯಿಯ ತೊಟ್ಟಿನ ಉದ್ದ ಬರೆದುಕೊಳ್ಳತೊಡಗಿದರು. ಒಬ್ಬಾಕೆ ತನ್ನ ಉತ್ತರವನ್ನು ಪಕ್ಕದವನಿಗೆ ಕಾಣದಂತೆ ಅಂಗೈಯಿಂದ ಮುಚ್ಚಿಕೊಂಡಳು.

ಇಂಥ ನೋಡುಗರು ಯಾವ ಕಲಾವಿದನಿಗೂ ಸಿಕ್ಕಿರಲಾರರು. ಕಾಕಾ ಗೋಡೆಗೆ ಒರಗಿ ನಿಂತುಬಿಟ್ಟಿದ್ದರು. ಅಭಿಪ್ರಾಯದ ಪುಸ್ತಕದಲ್ಲಿ ಮೊದಲ ಹುಡುಗ ತನ್ನ ಡಿಗ್ರಿ, ಶೇಕಡಾವಾರು ಅಂಕ ಬರೆದು, ಯಾವ ಊರಿಗಾದರೂ ಬರಲು ಸಿದ್ಧ ಎಂದು ಮುಗಿಸಿದ್ದ. ಉಳಿದವರು ಅವನನ್ನೇ ಅನುಸರಿಸಿದ್ದರು. ಕಾಕಾ ಪುಸ್ತಕ ತಂದು ನನಗೆ ತೋರಿಸಿದರು. "ನೋಡಿಲ್ಲೆ, ಇನ್ನೊಂದು ಊರಾಗ ಇಟ್ರೂ ಬರ್ತಾರಂತ!"

ನಾನು ಹೊರಗೆ ಹೋಗಿ ಸಾಲಿನಲ್ಲಿದ್ದ ಒಬ್ಬನನ್ನು, ಇಲ್ಲಿಗೆ ಬರಲು ಹೇಳಿದವರು ಯಾರೆಂದು ಕೇಳಿದೆ. ಅವನು ಅಮೀರ್‌ಪೇಟೆಯ ಇಂಟರ್‌ನೆಟ್ ಸೆಂಟರಿನಲ್ಲಿ ಅಚ್ಚು ತೆಗೆಸಿದ ಕಾಗದ ತೋರಿಸಿದ. ಹುಡುಕುವ ಯಂತ್ರ ನಮ್ಮ ಪುಟದಿಂದ ಎರಡೇ ಸಾಲು ಎತ್ತಿಕೊಂಡಿತ್ತು: ಜಾವಾ, ಫ್ರೆಷರ್ಸ್, ಇಂಟರ್‌ವ್ಯೂ, ಶನಿವಾರ ಹತ್ತಕ್ಕೆ, ಸನತ್‌ನಗರದ ಸಮುದಾಯ ಭವನ, ಬಲಕ್ಕೆ ನೂರನಲವತ್ತು ಹೆಜ್ಜೆ. ಅದನ್ನು ಯಾರೋ ಗೆಳೆಯರಿಗೆಲ್ಲ ಕಳಿಸಿದ್ದರು. ನಾನು ಬಿಳಿಯಲ್ಲಿ ಬರೆದದ್ದೆಲ್ಲ ಆ ಕಾಗದದ ಮೇಲೆ ಕಪ್ಪಾಗಿತ್ತು. ಕಾಗುಣಿತ ಸರಿಯಾಗಿತ್ತು.

ಕ್ಯಾಮೆರಾ ಹಿಡಿದು ಬಂದಿದ್ದ ಯಜಮಾನರಿಗೆ ಹೇಳಿದೆ. ಅವರಿಗೆ ಅದು ಸಮಸ್ಯೆ ಎನಿಸಲೇ ಇಲ್ಲ. "ಕ್ರೌಡ್ ಅಂಟೇ ಕ್ರೌಡೇ ಕದಮ್ಮಾ. ಸೈಲೆಂಟ್‌ಗಾ ಉಂಡು," ಜನ ಯಾರಾದರೂ ಜನವೇ, ಸುಮ್ಮನಿರು ಎಂದು ಬಾಯಿ ಮೇಲೆ ಬೆರಳಿಟ್ಟು, ಸಾಲಿನ ಫೋಟೋ ತೆಗೆದುಕೊಂಡು ಹೊರಟುಹೋದರು. ಆ ಫೋಟೋ ಕಂಪನಿ ಬದುಕಿರುವವರೆಗೂ ಅದರ ಮುಖಪುಟದಲ್ಲಿತ್ತು. ಕಂಪನಿ ಬಹಳ ಕಾಲವೇನೂ ಬದುಕಲಿಲ್ಲ.

ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ. ಅಂದು ಸುಮ್ಮನಿದ್ದರೆ ಕಾಕಾ ಜೀವನಪೂರ್ತಿ ಸಂತೋಷವಾಗಿರುತ್ತಿದ್ದರು, ಚಿತ್ರಗಳೂ ರದ್ದಿಗೆ ಹೋಗುತ್ತಿರಲಿಲ್ಲ. ಆದರೆ ಆ ಮಕ್ಕಳು ಗೆಣಸಿನ ಉದ್ದ ಬಾಯಿಪಾಠ ಮಾಡುತ್ತಿದ್ದರು. ಕಾಕಾನನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ.

"ಅಂದ್ರ ಇವರು ಯಾರೂ ಚಿತ್ರ ನೋಡಾಕ ಬಂದಿಲ್ಲ?"

"ಇಲ್ಲ ಕಾಕಾ."

"ಬರದಾಕಿ ಯಾರು?"

"ನಾನ."

ಅವರು ಒಂದು ಲೋಟ ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿದರು. ಕಾಕು ಅವರ ತೋಳು ಹಿಡಿದರು. "ಈಗ ಹೇಳಾಕ ಹೋಗಬ್ಯಾಡ್ರಿ. ಎಲ್ಲಾರೂ ಎದ್ದು ಹೋಗ್ತಾರ."

"ಹೋಗ್ಲಿ ಬಿಡು. ಬಿಸಿಲಾಗ ನಿಂತಾರ."

ಕಾಕಾ ಕುರ್ಚಿ ಹತ್ತಿ ನಿಂತು, ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದರು: ಇಲ್ಲಿ ಕೆಲಸ ಇಲ್ಲ, ಕಂಪನಿಯೂ ಇಲ್ಲ, ನಾನೇ ರಿಟೈರ್ ಆದವನು, ಇವು ನಾನು ಬರೆದ ಚಿತ್ರಗಳು, ಇಷ್ಟವಿದ್ದವರು ನೋಡಬಹುದು, ತಪ್ಪಾಗಿದೆ, ನಾಷ್ಟಾ ತಿಂದು ಹೋಗಿ. ಆಮೇಲೆ ಒಬ್ಬ ಗೊಳ್ಳನೆ ನಕ್ಕ. ಇನ್ನೊಬ್ಬ ಬೈದ. ಬರೆದುಕೊಂಡ ಹಾಳೆಗಳನ್ನು ಮುದ್ದೆ ಮಾಡಿ ಅಲ್ಲೇ ಎಸೆದರು. ಹತ್ತು ನಿಮಿಷಕ್ಕೆ ಸಭಾಂಗಣ ಖಾಲಿಯಾಯಿತು, ಚುರುಮುರಿಯೂ ಖಾಲಿಯಾಯಿತು.

ಪೂರ್ತಿ ಖಾಲಿಯಾಗಿರಲಿಲ್ಲ. ಹಾಗಲಕಾಯಿಯ ಎದುರು ಒಬ್ಬ ಹುಡುಗಿ ನಿಂತೇ ಇದ್ದಳು. ಆಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅದಕ್ಕೆ ಕೆಲಸ ಸಿಗದೆ ಜಾವಾ ಕಲಿಯುತ್ತಿದ್ದವಳೆಂದು ಆಮೇಲೆ ತಿಳಿಯಿತು. ಕಾಕಾ ಹತ್ತಿರ ಹೋದರು.

"ಅಂಕುಲ್, ಇದಿ ತಪ್ಪು," ಎಂದಳು ಆಕೆ ತೆಲುಗಿನಲ್ಲಿ.

ಕೊಯ್ದ ಭಾಗವನ್ನು ತೋರಿಸಲು ನಕ್ಷೆಯಲ್ಲಿ ಓರೆಗೆರೆ ಎಳೆಯುತ್ತಾರೆ. ಆದರೆ ಉದ್ದಕ್ಕೆ ಕೊಯ್ದಾಗ ಉಬ್ಬಿದ ಏಣುಗಳಿಗೆ ಗೆರೆ ಎಳೆಯಬಾರದು, ಮೊದಲ ವರ್ಷದ ಪಾಠ ಇದು, ಎಂದು ಹಾಗಲಕಾಯಿಯ ಏಣುಗಳ ಮೇಲೆ ಬೆರಳಾಡಿಸಿದಳು. ಕಾಕಾನ ಕಿವಿ ಕೆಂಪಾಯಿತು.

"ಅದು ಕಬ್ಬಿಣಕ್ಕ ಇರೂ ರೂಲ್! ಇದು ಹಾಗಲಕಾಯಿ!" ಎಂದು ಕನ್ನಡದಲ್ಲೇ ಕೂಗಿ, ಆಮೇಲೆ ಅದನ್ನೇ ತೆಲುಗಿನಲ್ಲಿ ಹೇಳಿದರು. ಹಾಗಲಕಾಯಿಯಾದರೆ ಮಿಲಿಮೀಟರ್ ಯಾಕೆ ಹಾಕಿದಿರಿ ಎಂದು ಆಕೆ ಕೇಳಿದಳು. ಬಾಗಿಲವರೆಗೆ ಹೋಗಿದ್ದ ಇಬ್ಬರು ಹುಡುಗರು ಜಗಳದ ಸದ್ದಿಗೆ ತಿರುಗಿ ಬಂದು, ಚಿತ್ರ ನೋಡಿ, ಆಕೆಯ ಪಕ್ಷ ವಹಿಸಿದರು.

ಕಾಕು ಒದ್ದೆ ಕೈಯಲ್ಲೇ ಓಡಿಬಂದರು. "ಯಾಕ್ರಿ? ಬಂದವರ ಜೋಡಿ ಜಗಳಾ ತಗಿಯಾಕತ್ತೀರಿ?"

"ನೀ ಸುಮ್ಮನಿರು," ಎಂದರು ಕಾಕಾ. "ಈಕಿ ನೋಡ್ಯಾಳ."

ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟು, ನಾಲ್ವರೂ ಅದರ ಮೇಲೆ ಬಗ್ಗಿದರು. ಯಾರೋ ಪೆನ್ಸಿಲ್ ಕೇಳಿದರು. ಕಾಕು ಸ್ವಲ್ಪ ಹೊತ್ತು ನೋಡಿ ನನ್ನ ಕಿವಿಯಲ್ಲಿ ಕೇಳಿದರು:

"ಏನಂತಾಳ ಆಕಿ? ಚಲೋ ಐತಂತೇನು?"

"ಇಲ್ಲ ಕಾಕು. ತಪ್ಪು ಐತಂತ."

"ಇವರ ಮಾರಿ ನೋಡಿದ್ರ ಹಂಗ ಅನಸೂದಿಲ್ಲಲ್ಲ," ಎಂದರು. ಆಮೇಲೆ ಗೋಡೆಯ ಮೇಲಿನ ಚಿತ್ರಗಳ ಕಡೆ ಒಮ್ಮೆ ಕಣ್ಣಾಡಿಸಿ, ಸೆರಗಿಗೆ ಕೈ ಒರೆಸಿಕೊಂಡರು. "ಗ್ವಾಡಿಗೆ ಅಷ್ಟು ಮೊಳಿ ಹೊಡಿಯಾಕ ಆ ಫ್ಲ್ಯಾಟಿನವರು ಬಿಡ್ತಾರೋ ಇಲ್ಲೋ, ಕೇಳಬೇಕು."